ಡಬರಿಯ ಮೇಲೆ ಕೆತ್ತಿದ ಹೆಸರು

ಜನರ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು. ಅದನ್ನು ಯಾರಾದರೂ ಕಲೆ ಎಂದು ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. 2010ರ ದಶಕದ ಬಹುಪಾಲು ನಾನು ನೈರೋಬಿಯಲ್ಲಿದ್ದೆ, ಒಂದು ವಿದೇಶಿ ಸೇವಾ ಸಂಸ್ಥೆಯ ಫೋಟೋಗ್ರಾಫರ್ ಆಗಿ. ಕೆಲಸ ಇಷ್ಟೇ: ಸಂಸ್ಥೆ ಕೊಳವೆಬಾವಿ ಕೊರೆಸಿದ ಊರಿಗೆ ಜೀಪಿನಲ್ಲಿ ಹೋಗುವುದು, ನೀರು ತುಂಬಿಸಿಕೊಂಡು ಆಗಲೇ ಅರ್ಧ ದಾರಿ ನಡೆದಿದ್ದ ಹೆಂಗಸನ್ನು ವಾಪಸು ಕರೆಸುವುದು, ಕ್ಯಾನು ಖಾಲಿ ಮಾಡಿಸಿ ಮತ್ತೆ ತುಂಬಿಸುವುದು. ‘ಸ್ವಲ್ಪ ಎಡಕ್ಕೆ. ಈಗ ನಗಬೇಡಿ. ಹಾಂ, ಈಗ ನಗಿ.’ ಆಕೆ ಪಾಪ, ನಗುತ್ತಿದ್ದಳು. ನಾನು ಅವಳ ವಂಶವನ್ನೇ ಉದ್ಧಾರ ಮಾಡಿದವನಂತೆ ಸ್ವಾಹಿಲಿಯಲ್ಲಿ ‘ಅಸಾಂಟೆ’ ಎಂದು ಧನ್ಯವಾದ ಹೇಳಿ ಜೀಪು ಹತ್ತುತ್ತಿದ್ದೆ. ಆ ಫೋಟೋ ವರದಿಯ ಮುಖಪುಟದಲ್ಲಿ ‘ಘನತೆ’ ಎಂಬ ಶೀರ್ಷಿಕೆ ಹೊತ್ತು ಬರುತ್ತಿತ್ತು.

ಕಚೇರಿಯಲ್ಲಿ ಕೂತು ಮಾಡುವ ಇನ್ನೊಂದು ಕೆಲಸವಿತ್ತು. ಯಾರ ಗುರುತು ಸಿಗಬಾರದೋ ಅವರ ಹಿಂದಿನ ಅಂಗಡಿ ಬೋರ್ಡು, ಶಾಲೆಯ ಬ್ಯಾಡ್ಜು, ಬೈಕಿನ ನಂಬರು ಎಲ್ಲವನ್ನೂ ಹುಡುಕಿ ಮಸುಕು ಮಾಡುವುದು. ಇದರಲ್ಲಿ ನಾನು ಗಟ್ಟಿಗನೆಂದು ಹೆಸರು ಮಾಡಿದ್ದೆ. ಜನರನ್ನು ಕುಣಿಸಿ ಚಿತ್ರ ತೆಗೆಯುವವನೂ ನಾನೇ, ಆಮೇಲೆ ಅವರ ಗೌಪ್ಯ ಕಾಪಾಡುವ ಪುಣ್ಯಾತ್ಮನೂ ನಾನೇ.

ಈ ಉದ್ಯೋಗದಿಂದ ನನಗೊಂದು ರೋಗ ಅಂಟಿಕೊಂಡಿತು. ಯಾವ ಚಿತ್ರ ನೋಡಿದರೂ ಚಿತ್ರದಲ್ಲಿರುವವರಿಗಿಂತ ಮೊದಲು ಕ್ಯಾಮೆರಾದ ಈಚೆ ನಿಂತ ಆಸಾಮಿ ಕಾಣಿಸುತ್ತಾನೆ. ಮದುವೆ ಆಲ್ಬಮ್ಮಿನಲ್ಲಿ ಕಾಣಿಸುತ್ತಾನೆ, ಜಾಹೀರಾತಿನಲ್ಲಿ ಕಾಣಿಸುತ್ತಾನೆ. ನೀಲಿ ಚಿತ್ರದಲ್ಲಂತೂ ಅವನ ಉಸಿರೇ ಕೇಳಿಸುತ್ತದೆ.

ನೀಲಿ ಚಿತ್ರದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನನಗೆ ಟ್ರಾನ್ಸ್ ಹೆಂಗಸರು ಇಷ್ಟ. ನನ್ನ ಮದುವೆ ಮುರಿದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಮುರಿದದ್ದು ಒಬ್ಬರ ಮುಖ ಒಬ್ಬರಿಗೆ ನೋಡಲಾಗದೆ. ಯಾಕೆ ಇಷ್ಟ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಅವರಿಗೆ ಹಾಗಲಕಾಯಿ ಯಾಕೆ ಇಷ್ಟ ಎಂದು ನಾನು ಯಾವತ್ತೂ ಕೇಳಲು ಹೋಗಿಲ್ಲ. ನನಗೆ ಹೇಸಿಗೆ ಹುಟ್ಟಿಸಿದ್ದು ಅದನ್ನು ಮಾರುತ್ತಿದ್ದ ರೀತಿ. ಸ್ಟುಡಿಯೋದವರು ತಯಾರಿಸಿದ್ದರಲ್ಲಿ ಯಾವನೋ ಒಬ್ಬ ಈಚೆಯಿಂದ ‘ಇತ್ತ ತಿರುಗು, ಅತ್ತ ತಿರುಗು, ಈಗ ನಗು’ ಎನ್ನುತ್ತಿದ್ದ. ಅದು ನನ್ನದೇ ದನಿ, ಕೊಳವೆಬಾವಿಯ ಪಕ್ಕದಲ್ಲಿ ನಾನು ಎತ್ತುವ ದನಿ. ವಾರವಿಡೀ ಅದನ್ನು ನನ್ನ ಬಾಯಿಂದಲೇ ಕೇಳಿ ಸಾಕಾದವನಿಗೆ ರಜೆಯ ದಿನವೂ ಅದೇ ಬೇಕೇ? ಇನ್ನು ಆ ಚಿತ್ರಗಳಿಗೆ ಅವರು ಇಡುತ್ತಿದ್ದ ಹೆಸರುಗಳು! ಸಂತೆಯಲ್ಲಿ ದನ ಕೊಳ್ಳುವವರೂ ದನದ ಬಗ್ಗೆ ಹಾಗೆ ಮಾತಾಡುವುದಿಲ್ಲ.

ಆ ದಶಕದ ಕೊನೆಯ ವರ್ಷಗಳಲ್ಲಿ ಚಂದಾದ ವೆಬ್‌ಸೈಟುಗಳು ಬಂದವು. ಪತ್ರಿಕೆಗೆ ಕಟ್ಟುವ ಹಾಗೆ ಒಬ್ಬ ವ್ಯಕ್ತಿಗೆ ತಿಂಗಳ ಚಂದಾ ಕಟ್ಟುವುದು. ಆಕೆ ತನ್ನ ಕೋಣೆಯಲ್ಲಿ, ತನ್ನ ಫೋನಿನಲ್ಲಿ, ತಾನೇ ತೆಗೆದು ಹಾಕಿದ್ದನ್ನು ನೋಡುವುದು. ಈ ಏರ್ಪಾಡು ಕಂಡಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಏನು ತೋರಿಸಬೇಕು, ಎಷ್ಟು ಹೊತ್ತು, ಯಾವಾಗ ದೀಪ ಆರಿಸಿ ಎದ್ದು ಹೋಗಬೇಕು ಎಲ್ಲವೂ ಆಕೆಯ ಇಷ್ಟ. ಈಚೆ ಕಡೆ ಯಾರೂ ಇಲ್ಲ.

ಯಾರಿಗೆ ಚಂದಾ ಕಟ್ಟಬೇಕೆಂದು ಸಲಹೆ ಕೊಡುವ ಪಂಡಿತರೂ ಆಗಲೇ ಹುಟ್ಟಿಕೊಂಡಿದ್ದರು. ಅತ್ಯುತ್ತಮ ಇಷ್ಟು ಮಂದಿ, ಕೊಟ್ಟ ಕಾಸಿಗೆ ಮೋಸವಿಲ್ಲದ ಇಷ್ಟು ಮಂದಿ ಎಂದು ಪಟ್ಟಿ ಮಾಡಿ, ಮೈಕಟ್ಟಿಗೆ ಇಷ್ಟು ಅಂಕ, ಮಾತಿಗೆ ಇಷ್ಟು ಅಂಕ ಎಂದು ಹಾಕುತ್ತಿದ್ದರು. ಮಾರುಕಟ್ಟೆಯಲ್ಲಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡಿ, ಕಡೆಗೆ ಏನೂ ಕೊಳ್ಳದೆ ಹೋಗುವ ಗಿರಾಕಿಗಳಿರುತ್ತಾರಲ್ಲ, ಅಂಥವರು ಬರೆದದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಕೆಳಗೆ ಓದುಗರ ಪತ್ರಗಳು ಬೇರೆ. ‘ಸಂದೇಶಕ್ಕೆ ಉತ್ತರ ಕೊಡುವುದು ತಡ’ ಎಂದು ಒಬ್ಬ ಗೋಳಾಡಿದ್ದ. ಬ್ಯಾಂಕಿನವರ ಮೇಲೆ ದೂರು ಬರೆಯುವ ಅದೇ ಗತ್ತು.

ನಾನು ಆರಿಸುವ ಕ್ರಮ ಬೇರೆ ಇತ್ತು. ಆಕೆ ಒಬ್ಬಳೇ ಇರಬೇಕು, ಕೋಣೆ ಅವಳದೇ ಇರಬೇಕು, ಕ್ಯಾಮೆರಾ ಅಲುಗಬಾರದು. ಅಲುಗಿತೆಂದರೆ ಬೇರೊಂದು ಕೈ ಬಂತೆಂದೇ ಅರ್ಥ. ನಾನು ಬಹಳ ಮೆಚ್ಚಿಕೊಂಡಿದ್ದ ಒಬ್ಬಾಕೆಯ ವಿಡಿಯೋಗಳಲ್ಲಿ ಒಂದು ತಿಂಗಳು ಇದ್ದಕ್ಕಿದ್ದಂತೆ ಕ್ಯಾಮೆರಾ ನಡೆದಾಡಲು ಶುರುವಾಯಿತು. ಅವಳ ನಗುವೂ ಬದಲಾಯಿತು. ಯಾರೋ ಗೆಳೆಯ ಬಂದು ಸೇರಿದ್ದ, ಯಜಮಾನಿಕೆ ವಹಿಸಿಕೊಂಡಿದ್ದ. ನಾನು ಅವತ್ತೇ ಚಂದಾ ನಿಲ್ಲಿಸಿದೆ. ಅವನು ಆಳುವ ಮನೆಗೆ ನಾನು ಬಾಡಿಗೆ ಕೊಡುವುದಿಲ್ಲ ಎಂದುಕೊಂಡೆ. ದುಡ್ಡು ಕೊಟ್ಟು ನೋಡುವವನು, ಕದ್ದು ನೋಡುವವನಲ್ಲ ಎಂಬ ಜಂಬವೂ ನನಗೆ ಬೇಕಾದಷ್ಟಿತ್ತು.

ಹೀಗೆ ಹುಡುಕುವಾಗ ಒಬ್ಬಳು ಸಿಕ್ಕಳು. ಮೂವತ್ತರ ಆಸುಪಾಸಿನವಳು. ಪುಟದಲ್ಲಿ ದೇಶದ ಹೆಸರಿರಲಿಲ್ಲ. ಆಡುವುದು ನಾಲ್ಕೇ ನಾಲ್ಕು ಇಂಗ್ಲಿಷ್ ಮಾತು. ಚಿಕ್ಕ ಕೋಣೆ, ಗೋಡೆಗೆ ಕಟ್ಟಿದ ಹಸಿರು ದುಪ್ಪಟಿ, ಹಿಂದೆ ಒಂದು ಉದ್ದ ಕನ್ನಡಿ. ಫೋನು ಸರಿಯಾಗಿ ನಿಂತಿದೆಯೇ ಎಂದು ಎದ್ದು ಬಂದು ನೋಡಿ, ಮುಖ ಸಿಂಡರಿಸಿ, ಮತ್ತೆ ಹೋಗಿ ಕೂರುವುದನ್ನು ಆಕೆ ಕತ್ತರಿಸಿ ತೆಗೆಯುತ್ತಿರಲಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಿಲ್ಲಿಸಿ ನಗುತ್ತಿದ್ದಳು. ಮನಸ್ಸಿಲ್ಲದ ದಿನ ಬರೀ ತಲೆ ಬಾಚಿಕೊಂಡು ಎದ್ದು ಹೋಗುತ್ತಿದ್ದಳು, ಕೇಳುವವರು ಯಾರೂ ಇರಲಿಲ್ಲ. ಆ ಕೂದಲು ಬಾಚುವುದನ್ನೇ ನಾನು ಎಷ್ಟು ಸಲ ನೋಡಿದ್ದೇನೋ. ತಮಿಳಿನವಳಿರಬೇಕು, ಇಲ್ಲವೇ ಸಿಂಹಳದವಳು ಎಂದುಕೊಂಡಿದ್ದೆ. ಯಾವ ಊರು ಎಂದು ಒಂದು ಸಲವೂ ಕೇಳಲಿಲ್ಲ. ಕನ್ನಡದವನೊಬ್ಬ ಇನ್ನೊಬ್ಬರನ್ನು ಯಾವ ಊರು ಎಂದು ಕೇಳದೆ ತಿಂಗಳುಗಟ್ಟಲೆ ಇದ್ದದ್ದು ಸಣ್ಣ ಸಾಧನೆಯಲ್ಲ.

ನಮ್ಮವರ ಈ ಚಾಳಿಯನ್ನು ತಿಳಿಯಬೇಕಾದರೆ ನೈರೋಬಿಯ ನಮ್ಮ ಕನ್ನಡ ಕೂಟದ ಅಧ್ಯಕ್ಷರನ್ನು ನೋಡಬೇಕಿತ್ತು. ಅವರು ಒಂದು ದೊಡ್ಡ ಸಂಸ್ಥೆಯ ಹಣಕಾಸು ಮುಖ್ಯಸ್ಥರು. ಸಿರಿವಂತರ ಬಡಾವಣೆ ರುಂಡಾದಲ್ಲಿ ಮನೆ; ಗೇಟಿನಲ್ಲಿ ಕಾವಲಿಗೆ ಅಸ್ಕರಿ, ಕಾರಿಗೆ ಡ್ರೈವರು, ಹಿಂದೆ ಫುಟ್‌ಬಾಲ್ ಆಡುವಷ್ಟು ಹುಲ್ಲು. ಹೊಸಬರು ಯಾರಾದರೂ ನಮಸ್ಕಾರ ಎನ್ನುವಷ್ಟರಲ್ಲಿ ಅವರ ವಿಚಾರಣೆ ಮುಗಿದಿರುತ್ತಿತ್ತು. ಊರು ಯಾವುದು, ಅಲ್ಲಿ ಯಾವ ಬೀದಿ, ಯಾರ ಪೈಕಿ. ಕಡೆಗೆ ಜಾತಿಯನ್ನು ಬಾಯಿಬಿಟ್ಟು ಕೇಳದೆಯೇ ಹಿಡಿದು, ‘ಓ, ಹಾಗಾದ್ರೆ ನೀವು ಇಂಥೋರಿಗೆ ಏನಾಗ್ಬೇಕು?’ ಎಂದು ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ಕೂಟದ ವಾರ್ಷಿಕ ಸಂಚಿಕೆಯಲ್ಲಿ ಮಂಗಳಮುಖಿಯರ ಬಗ್ಗೆ ಕರುಣೆ ಉಕ್ಕಿಸಿ ಒಂದು ಲೇಖನವನ್ನೂ ಬರೆದಿದ್ದರು. ಅದನ್ನು ಹೊಗಳಿದವರಲ್ಲಿ ಯಾರೂ ಓದಿರಲಿಲ್ಲ.

ಅವರ ಮನೆಯಲ್ಲಿ ಒಂದು ಭಾನುವಾರ ಯುಗಾದಿ ಊಟ. ನಾನು ಸೌತ್ ಬಿ ಬಡಾವಣೆಯ ನನ್ನ ಫ್ಲಾಟಿನಿಂದ ಟ್ಯಾಕ್ಸಿ ಮಾಡಿಕೊಂಡು ಹೋಗಿದ್ದೆ, ಹೋಳಿಗೆಯ ಆಸೆಗೆ, ಬೇರೆ ಕಾರಣವಿರಲಿಲ್ಲ. ಹೆಂಗಸರು ಒಳಗೆ ಎಲೆ ಹಾಕುವ ಗಡಿಬಿಡಿಯಲ್ಲಿದ್ದರು. ಮಕ್ಕಳಿಗೆ ಕನ್ನಡದಲ್ಲಿ ಬೈದರೆ ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಗಂಡಸರೆಲ್ಲ ಹಿಂದಿನ ವರಾಂಡದಲ್ಲಿ ಒಂದು ಫೋನಿನ ಸುತ್ತ ತಲೆ ಬಗ್ಗಿಸಿ ನಿಂತಿದ್ದರು. ಕ್ರಿಕೆಟ್ಟಿರಬೇಕು ಎಂದುಕೊಂಡು ನಾನೂ ಬಗ್ಗಿದೆ. ಫೋನಿನಲ್ಲಿ ಇದ್ದದ್ದು ಆಕೆ.

ಹಸಿರು ದುಪ್ಪಟಿ, ಬಿಚ್ಚಿದ ಕೂದಲು. ಆ ವಾರವೇ ಹಾಕಿದ್ದ ಚಿತ್ರ. ಗಂಡಸರಷ್ಟೇ ಇದ್ದ ಒಂದು ವಾಟ್ಸಾಪ್ ಗುಂಪಿಗೆ ಯಾರೋ ‘ಫಾರ್ವರ್ಡ್’ ಮಾಡಿದ್ದಂತೆ. ಯಾರೋ ಒಂದು ಅಂಕಿ ಹೇಳಿದರು, ಎಲ್ಲರೂ ಕಿಸಕ್ಕೆಂದರು. ಆ ಅಂಕಿ ಯಾವುದೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಅದು’, ‘ಇದು’ ಎಂದು ಮಾತಾಡುತ್ತಿದ್ದರು, ಒಬ್ಬರಾದರೂ ಅವಳು ಎನ್ನಲಿಲ್ಲ. ನಗುತ್ತಲೇ ಇದ್ದರು, ಕಣ್ಣು ಮಾತ್ರ ಅಲ್ಲಿಂದ ಕೀಳಲಿಲ್ಲ.

‘ಕನ್ನಡ ಕಣ್ರೀ ಇದು!’ ಎಂದರು ಅಧ್ಯಕ್ಷರು. ‘ಅಲ್ಲಿ ಕನ್ನಡಿ ಒಳಗೆ, ಪಾತ್ರೆ ನೋಡ್ರೀ. ಝೂಮ್ ಮಾಡಿ.’

ಆಕೆ ಫೋನು ಒರಗಿಸಲು ಒಂದು ಸ್ಟೀಲ್ ಡಬರಿಯನ್ನು ಬೋರಲು ಹಾಕಿದ್ದಳು. ಹಿಂದಿನ ಕನ್ನಡಿಯಲ್ಲಿ ಅದು ಕಾಣುತ್ತಿತ್ತು. ನಮ್ಮ ಕಡೆ ಪಾತ್ರೆ ಉಡುಗೊರೆ ಕೊಡುವವರು ಅಂಗಡಿಯಲ್ಲೇ ಹೆಸರು ಹಾಕಿಸುತ್ತಾರಲ್ಲ. ಆ ಕೈಮಿಷನ್ನು ಟರ್ರ್ ಎಂದು ಚುಕ್ಕೆ ಚುಕ್ಕೆಯಾಗಿ ಕೆತ್ತುತ್ತದೆ, ಇಂಥವರ ಗೃಹಪ್ರವೇಶಕ್ಕೆ ಇಂಥ ಊರಿನ ಇಂಥವರಿಂದ ಎಂದು. ಮೂರು ತಲೆಮಾರಾದರೂ ಯಾರು ಕೊಟ್ಟದ್ದು ಎಂಬುದು ಮರೆತುಹೋಗಬಾರದು ನೋಡಿ. ಅಂಥ ಕೆತ್ತನೆ ಆ ಡಬರಿಯ ಕಂಠದಲ್ಲಿತ್ತು. ಕಚೇರಿಯಲ್ಲಿ ಪರದೇಶದವರ ಬೈಕ್ ನಂಬರು ಹುಡುಕಿ ಹುಡುಕಿ ಅಳಿಸುವ ನನಗೆ ಅದು ಕಂಡಿರಲಿಲ್ಲ. ನಾನು ಆಕೆಯನ್ನು ನೋಡುತ್ತಿದ್ದೆ. ಇವರಿಗೆ ಪಾತ್ರೆ ಕಂಡಿತು.

‘ಕನ್ನಡಿಯಲ್ಲಿ ಉಲ್ಟಾ ಕಾಣುದು ಮಾರಾಯ್ರೆ, ಹಾಗೆ ಓದ್ಲಿಕ್ಕೆ ಆಗುದಿಲ್ಲ. ಇಲ್ಲಿ ಕೊಡಿ’ ಎಂದು ಮಂಗಳೂರಿನ ದಂತವೈದ್ಯರು ಫೋನು ಇಸಿದುಕೊಂಡರು. ಎಕ್ಸ್‌ರೇ ಹಿಂದುಮುಂದು ಮಾಡಿ ಅಭ್ಯಾಸವಿದ್ದ ಕೈ. ಚಿತ್ರವನ್ನು ತಿರುಗಿಸಿ, ಬೆಳಕು ಏರಿಸಿ, ಅಕ್ಷರ ಮೂಡಿಸಿಯೇಬಿಟ್ಟರು. ಆಮೇಲೆ ನಡೆದ ವಿದ್ವತ್ ಗೋಷ್ಠಿಯನ್ನು ನೋಡಬೇಕಿತ್ತು. ಹೊಲದಲ್ಲಿ ಹಳೆಯ ಶಾಸನ ಸಿಕ್ಕಿದವರ ಹಾಗೆ ಒಬ್ಬರು ಒತ್ತಕ್ಷರ ಬಿಡಿಸಿದರು, ಇನ್ನೊಬ್ಬರು ಇನಿಷಿಯಲ್ಲಿನ ಮೇಲೆ ವಾದ ಮಾಡಿದರು. ಕೂಟದ ಗ್ರಂಥಾಲಯದಲ್ಲಿ ಒಂದು ಪುಸ್ತಕ ತೆಗೆಯದವರೆಲ್ಲ ಅವತ್ತು ಕನ್ನಡ ಓದಿದರು. ಎರಡು ಹೆಸರು ಸಿಕ್ಕಿತು, ಒಂದು ಊರು ಸಿಕ್ಕಿತು.

‘ಅರೆ, ಇದು ನಮ್ಮ ಮಿಸೆಸ್ ಕಡೆಯೋರ ಊರಲ್ವೇ!’ ಅಧ್ಯಕ್ಷರ ಮುಖ ಅರಳಿತು. ‘ಅವರ ಚಿಕ್ಕಮ್ಮ ಅಲ್ಲೇ ಇರೋದು. ಒಂದ್ ಫೋನ್ ಹಾಕಿದ್ರೆ ಯಾರ ಮನೇದು, ಯಾರ ಮಗ ಅಂತ ಸಂಜೆ ಒಳಗೆ ಹೇಳ್ತಾರೆ.’

‘ತಿಳ್ಕೊಂಡು ಏನ್ ಮಾಡ್ತೀರಾ ಸಾರ್?’ ಎಂದೆ.

‘ಏನ್ ಮಾಡೋದು? ಸುಮ್ನೆ. ಗೊತ್ತಿರ್ಲಿ ಅಂತ.’

ಈ ‘ಸುಮ್ನೆ’ ಎಂಬ ಮಾತು ಕೇಳಿ ನನ್ನ ನೆತ್ತಿಗೆ ರಕ್ತ ಏರಿತು. ದ್ವೇಷವಿದ್ದರೆ ಅದಕ್ಕೊಂದು ಅರ್ಥವಿದೆ. ಇವರಿಗೆ ದ್ವೇಷವೂ ಇರಲಿಲ್ಲ, ಹೊತ್ತು ಹೋಗಬೇಕಿತ್ತು. ಚಿಕ್ಕಮ್ಮ ಪಕ್ಕದ ಮನೆಯವಳನ್ನು ಕೇಳುತ್ತಾಳೆ, ಆಕೆ ಹಾಲಿನವನನ್ನು ಕೇಳುತ್ತಾಳೆ. ಚಿತ್ರವೂ ಹಿಂದೆಯೇ ಹೋಗುತ್ತದೆ. ಆ ಹೆಣ್ಣು ಹೊಸ ಮುಖ, ಹೊಸ ಹೆಸರು ಕಟ್ಟಿಕೊಂಡು ಎಲ್ಲವನ್ನೂ ತೋರಿಸಿ ಊರೊಂದನ್ನು ಮುಚ್ಚಿಟ್ಟಿದ್ದಳು. ಬೇಕಾಬಿಟ್ಟಿ ಹೋಳಿಗೆ ತಿಂದು ಅರಗಿಸಿಕೊಳ್ಳಲು ಕಾಯುತ್ತಿದ್ದ ಈ ಮಹನೀಯರಿಗೆ ಬೇಕಾದದ್ದು ಅದೊಂದೇ.

‘ಈ ಫೋಟೋ ಬಿಟ್ಟಿ ಸಿಗೋದಲ್ಲ’ ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ‘ಚಂದಾ ಕಟ್ಟಿದೋರಿಗೆ ಮಾತ್ರ ಬರೋದು. ಈ ವಾರ ಹಾಕಿರೋದು. ಇಲ್ಲಿ ಯಾರು ಕಟ್ಟಿದೀರಾ?’

‘ನಿಮಗೆ ಹೇಗ್ರೀ ಗೊತ್ತು ಅದೆಲ್ಲಾ?’ ಎಂದರು ಅಧ್ಯಕ್ಷರು.

‘ನಾನೂ ಕಟ್ಟಿದೀನಿ.’

ಒಬ್ಬರು ತಮ್ಮ ಚಪ್ಪಲಿ ನೋಡಿಕೊಂಡರು, ಇನ್ನೊಬ್ಬರಿಗೆ ಹುಲ್ಲಿನ ಮೇಲೆ ಏನೋ ಕಾಣಿಸಿತು. ಅಧ್ಯಕ್ಷರ ಕಿವಿ ಮಾತ್ರ ಕೆಂಪಾಗುತ್ತ ಹೋಯಿತು, ಆ ಫಾರ್ವರ್ಡು ಎಲ್ಲಿಂದ ಹೊರಟಿತ್ತೆಂದು ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಅಲ್ಲಿಗೇ ಬಿಡಲಿಲ್ಲ. ‘ಫೋನ್ ಮಾಡಿ ಸಾರ್. ಚಿಕ್ಕಮ್ಮ ಮೊದಲು ಕೇಳೋದೇ ಆ ಡಬರಿ ಎಲ್ಲಿ ನೋಡಿದ್ರಿ ಅಂತ. ನಿಮಗೆ ಹೇಳೋಕೆ ಸಂಕೋಚ ಆದ್ರೆ ಒಳಗೆ ಮೇಡಮ್ ಇದಾರೆ, ನಾನೇ ಹೇಳ್ಬಿಡ್ತೀನಿ.’

‘ಊಟಕ್ಕೆ ಕರಿತಾರೆ ಅಂತ ಕಾಣ್ತದೆ’ ಎಂದರು ದಂತವೈದ್ಯರು. ಯಾರೂ ಕರೆದಿರಲಿಲ್ಲ. ಆದರೂ ಎಲ್ಲರೂ ಹೋದರು. ನಾನು ಹೋಳಿಗೆ ತಿನ್ನದೆ ಗೇಟಿಗೆ ನಡೆದೆ. ಅಸ್ಕರಿ ನನ್ನ ಮುಖ ನೋಡಿ ‘ಪೊಲೆ’ ಎಂದು ಅವರ ಭಾಷೆಯಲ್ಲಿ ಸಂತಾಪ ಹೇಳಿದ, ನನಗೇನೋ ಸಾವಿನ ಸುದ್ದಿ ಬಂದಿದೆಯೆಂದುಕೊಂಡು.

ಹೆದರಿಸಿ ಬಂದಿದ್ದೆ, ನಿಜ. ಆದರೆ ಬಾಯಿಚಪಲಕ್ಕೆ ಹೆದರಿಕೆ ಎಷ್ಟು ದಿನ ತಡೆ? ಓದಿದವರು ಒಬ್ಬರಲ್ಲ, ವರಾಂಡದ ತುಂಬ ಇದ್ದರು. ಮನೆಗೆ ಬಂದವನೇ ಆಕೆಗೆ ಇಂಗ್ಲಿಷಿನಲ್ಲಿ ಸಂದೇಶ ಬರೆದೆ: ಕನ್ನಡಿಯಲ್ಲಿ ಪಾತ್ರೆ ಕಾಣುತ್ತಿದೆ, ಅದರ ಮೇಲಿನ ಹೆಸರು ಓದಬಹುದು, ದಯವಿಟ್ಟು ತೆಗೆಯಿರಿ.

ಸ್ವಲ್ಪ ಹೊತ್ತಿಗೆ ಒಂದೇ ಸಾಲಿನ ಉತ್ತರ ಬಂತು. ನಿನಗೆ ಏನು ಬೇಕು?

ನನಗೆ ಕೆನ್ನೆಗೆ ಹೊಡೆದಂತಾಯಿತು. ಒಳ್ಳೆಯದು ಮಾಡಲು ಹೋದವನಿಗೆ ಇದೇ ಬಹುಮಾನ ಎಂದು ಕೋಣೆಯಲ್ಲಿ ಒಬ್ಬನೇ ಕೂಗಾಡಿದೆ. ಟೀ ಮಾಡಿಕೊಂಡು ಕುಡಿದ ಮೇಲೆ ಆ ಸಂದೇಶವನ್ನು ಆಕೆಯ ಕಡೆಯಿಂದ ಓದಿ ನೋಡಿದೆ. ದುಡ್ಡು ಕೊಟ್ಟು ನೋಡುವ ಅಪರಿಚಿತ ಗಂಡಸು ಒಂದು ದಿನ ಇದ್ದಕ್ಕಿದ್ದಂತೆ ‘ನಿನ್ನ ಹೆಸರು ಓದಿದ್ದೇನೆ’ ಎನ್ನುತ್ತಾನೆ. ಬೆದರಿಸಿ ಸುಲಿಯುವವನು ಬರೆಯುವುದೂ ಅಕ್ಷರಶಃ ಇದನ್ನೇ. ಹಾಗಾಗಿ ಈ ಸಲ ಕನ್ನಡದಲ್ಲಿ ಬರೆದೆ. ‘ನನಗೆ ಏನೂ ಬೇಡ. ಓದಿದವರು ಬೇರೆ ಇದ್ದಾರೆ. ನಿಮ್ಮ ಊರಿಗೆ ಫೋನು ಮಾಡುವ ಮಾತಾಡುತ್ತಿದ್ದಾರೆ. ಕನ್ನಡಿ ಇರುವುದನ್ನೆಲ್ಲ ತೆಗೆದುಬಿಡಿ.’

ಮಾರನೆಯ ಬೆಳಗ್ಗೆ ಕಚೇರಿಗೆ ಹೋಗುವ ಮಟಾಟುವಿನಲ್ಲಿ, ಅಂದರೆ ಅಲ್ಲಿನ ಬಾಡಿಗೆ ವ್ಯಾನಿನಲ್ಲಿ, ಕೂತು ನೋಡಿದೆ. ಕನ್ನಡಿಯಿದ್ದ ಚಿತ್ರಗಳೆಲ್ಲ ಮಾಯವಾಗಿದ್ದವು. ಕೂದಲು ಬಾಚುವುದೂ ಹೋಗಿತ್ತು. ಒಂದು ಧ್ವನಿ ಸಂದೇಶ ಬಂದಿತ್ತು. ಮಟಾಟುವಿನ ಹಾಡಿನ ಅಬ್ಬರದಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

‘ಅಣ್ಣಾ, ನೀವು ಎಲ್ಲಿಂದ ಮಾ‌ತಾಡ್ತಿರೋದು? ಇಂಡಿಯಾ ಪೂರ್ತಿ ನಾನು ಬ್ಲಾಕ್ ಮಾಡಿದೀನಿ. ದುಬೈ, ಮಸ್ಕತ್ತು, ಸಿಂಗಾಪುರ ಎಲ್ಲಾ ಮಾಡಿದೀನಿ. ಅಮೆರಿಕಾ ಪೂರ್ತಿ ಮಾಡಿದ್ರೆ ಹೊಟ್ಟೆಗೇನು ಅಂತ ನಮ್ಮೋರು ಜಾಸ್ತಿ ಇರೋ ರಾಜ್ಯ ನೋಡಿ ನೋಡಿ ಮಾಡಿದೀನಿ. ನೀವು ಹೆಂಗ್ ಬಂದ್ರಿ?’

ಇಷ್ಟು ದಿನ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಕೇಳಿದ್ದ ಆ ದನಿ ಕನ್ನಡದಲ್ಲಿ ಎಷ್ಟು ಸಲೀಸಾಗಿತ್ತೆಂದರೆ ನಾನು ಇನ್ನೊಂದು ಸಲ ಹಾಕಿ ಕೇಳಿದೆ. ಆಮೇಲೆ ಆ ‘ಅಣ್ಣಾ’ ಕಿವಿಯಲ್ಲಿ ಇಳಿಯಿತು. ಅಂಗಡಿಯವನಿಗೂ ಆಟೋದವನಿಗೂ ನಾವು ಹೇಳುವ ಅಣ್ಣನೇ ಅದು ಎಂದು ಮನಸ್ಸಿಗೆ ಎಷ್ಟೇ ಸಮಾಧಾನ ಹೇಳಿದರೂ ಅದು ಒಪ್ಪಲಿಲ್ಲ. ಅಣ್ಣ ಎಂದರೆ ಅಣ್ಣ. ಆಕೆಯ ಮೈ ನೋಡಲು ದುಡ್ಡು ಕಟ್ಟಿದವನಿಗೆ ಅದರ ಮೇಲೆ ಇನ್ನೇನು ಉಳಿಯುತ್ತದೆ? ನಾನು ನೈರೋಬಿ ಎಂದು ಬರೆದು ಕಳಿಸಿದೆ.

ಸಂಜೆ ಎರಡನೆಯದು ಬಂತು. ಮೊದಲು ನಗು. ‘ಆಫ್ರಿಕಾದಲ್ಲೂ ಇದೀವಾ ನಾವು? ಸಾಕಪ್ಪಾ!’ ಆಮೇಲೆ ದನಿ ತಗ್ಗಿತು. ‘ಆ ಡಬರಿ ಅಮ್ಮಂದು ಅಣ್ಣಾ. ನಾನು ಮನೆ ಬಿಡೋವಾಗ ಬ್ಯಾಗಲ್ಲಿ ಅವಳೇ ಇಟ್ಟಿದ್ದು, ಅನ್ನ ಮಾಡ್ಕೋ ಅಂತ. ಅಮ್ಮ ಸಂತೆಗೆ ಹೋದಾಗ ತರಕಾರಿಯೋರ ಫೋನಿಂದ ನಂಗೆ ಮಾತಾಡ್ತಾಳೆ. ಅಪ್ಪಂಗೆ ಗೊತ್ತಿಲ್ಲ. ಈ ವಿಷಯ ಊರಿಗೆ ಮುಟ್ಟಿದ್ರೆ ಅವಳನ್ನ ಸಂತೆಗೂ ಕಳ್ಸಲ್ಲ. ತುಂಬಾ ಉಪಕಾರ ಆಯ್ತು. ತಪ್ಪು ತಿಳ್ಕೋಬೇಡಿ ಅಣ್ಣಾ.’

ಉಪಕಾರ ಆಯ್ತು ಎಂದವಳು ತಪ್ಪು ತಿಳಿಯಬೇಡಿ ಎಂದದ್ದು ಯಾಕೆಂದು ಮಾರನೆಯ ದಿನ ತಿಳಿಯಿತು. ಪುಟ ತೆರೆದರೆ ಬೂದು ಬಣ್ಣದ ಹಾಳೆಯ ಮೇಲೆ ಒಂದು ಸಾಲು: ಇದು ನಿಮ್ಮ ದೇಶದಲ್ಲಿ ಲಭ್ಯವಿಲ್ಲ. ಉಳಿದ ಚಂದಾವನ್ನು ವಾಪಸು ಮಾಡಿದ್ದಳು. ಸಂದೇಶದ ಪೆಟ್ಟಿಗೆಯೂ ಮುಚ್ಚಿತ್ತು. ಕೀನ್ಯಾ ದೇಶಕ್ಕೇ ಬಾಗಿಲು ಹಾಕಿದ್ದಳು. ಅಷ್ಟು ಜನರಲ್ಲಿ ಕನ್ನಡ ಓದಬಲ್ಲವರು ಒಂದು ವರಾಂಡ ತುಂಬುವಷ್ಟು ಮಂದಿ. ಅವರ ದೆಸೆಯಿಂದ ಎಲ್ಲರಿಗೂ ಇಲ್ಲ.

ಕೂಟದ ವಾಟ್ಸಾಪ್ ಗುಂಪಿನಿಂದಲೂ ನನ್ನನ್ನು ಅದೇ ವಾರ ಕಿತ್ತುಹಾಕಿದರು. ಕಾರಣ ಕೊಡಲಿಲ್ಲ, ನಾನು ಕೇಳಲಿಲ್ಲ. ‘ಅಂಥದ್ದನ್ನೆಲ್ಲ ನೋಡೋ ಮನುಷ್ಯ, ಹೆಂಗಸರು ಮಕ್ಕಳು ಇರೋ ಜಾಗ’ ಎಂದು ಅಧ್ಯಕ್ಷರು ಸಭೆಯಲ್ಲಿ ನೊಂದುಕೊಂಡರೆಂದು ದಂತವೈದ್ಯರೇ ನನ್ನ ಹಲ್ಲು ಕೊರೆಯುವಾಗ ಹೇಳಿದರು. ಬಾಯಲ್ಲಿ ಮಿಷನ್ನು ಇದ್ದದ್ದರಿಂದ ನಾನು ಉತ್ತರ ಕೊಡಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಪಾರ್ಕ್‌ಲ್ಯಾಂಡ್ಸಿನ ಗುಜರಾತಿ ದಿನಸಿ ಅಂಗಡಿಯ ಮುಂದೆ ಅಧ್ಯಕ್ಷರು ಎದುರಾದರು. ನಾನು ಕಾಣದವನಂತೆ ಹೋಗುತ್ತಿದ್ದೆ. ಅವರೇ ಡ್ರೈವರಿನ ಕೈಗೆ ಹುರಿಗಡಲೆ, ಬೆಲ್ಲದ ಚೀಲ ಕೊಟ್ಟು ಕಾರಿಗೆ ಕಳಿಸಿ, ನನ್ನ ಮೊಣಕೈ ಹಿಡಿದು ಗೋಡೆಯ ಕಡೆಗೆ ಕರೆದರು. ಮಳೆ ಬಂತಾ, ಕೆಲಸ ಹೇಗಿದೆ ಎಂದೆಲ್ಲ ಕೇಳಿದರು. ಊರಿಗೆ ಹೋಗಿದ್ರಾ ಎಂದರು.

‘ಒಂದ್ ವಿಷಯ. ಬೇಜಾರ್ ಮಾಡ್ಕೋಬೇಡಿ’ ಎಂದು ಸುತ್ತ ನೋಡಿದರು. ‘ಆ ಪೇಜು... ನಿಮಗೆ ಓಪನ್ ಆಗ್ತಿದೆಯಾ?’

‘ಚಿಕ್ಕಮ್ಮನಿಗೆ ಫೋನ್ ಮಾಡಿದ್ರಾ?’ ಎಂದು ಕೇಳಿದೆ.

‘ಛೆ ಛೆ! ಮಾಡೋಕಾಗುತ್ತೇನ್ರೀ ಅದೆಲ್ಲಾ. ನಮ್ಮನೇಲಿ ಗೊತ್ತಾದ್ರೆ!’ ಅವರು ಗಾಬರಿಯಾದ ರೀತಿ ನೋಡಿ ನಿಜವೇ ಹೇಳುತ್ತಿದ್ದಾರೆ ಎಂದುಕೊಂಡೆ. ಉಳಿದವರು ಯಾರಿಗೆ ಏನು ಹೇಳಿದರೋ, ಆ ತಾಯಿ ಈಗಲೂ ಸಂತೆಯಿಂದ ಮಾತಾಡುತ್ತಾಳೋ ಇಲ್ಲವೋ, ನನಗೆ ತಿಳಿಯುವ ದಾರಿಯಿಲ್ಲ. ಅಧ್ಯಕ್ಷರು ಇನ್ನೂ ನನ್ನ ಮೊಣಕೈ ಬಿಟ್ಟಿರಲಿಲ್ಲ. ‘ಹೇಳ್ರೀ, ನಿಮಗೆ ಬರ್ತಿದೆಯಾ?’

‘ಇಲ್ಲ ಸಾರ್. ನಮ್ಮೋರು ಇದಾರೆ ಅಂತ ಗೊತ್ತಾಗಿ ಇಡೀ ಕೀನ್ಯಾನೇ ಮುಚ್ಚಿದಾಳೆ.’

ಅವರ ಮುಖ ಇಳಿದುಹೋಯಿತು. ಅಷ್ಟು ದೊಡ್ಡ ಮನುಷ್ಯ ಪೆಪ್ಪರಮೆಂಟು ಕಸಿದುಕೊಂಡ ಮಗುವಿನ ಹಾಗೆ ನಿಂತರು. ‘ಯಾಕಂತೆ?’ ಎಂದರು. ‘ನಾವೇನ್ ಮಾಡಿದ್ವಿ ಅವಳಿಗೆ?’

ತಿರುಗಿಸಿ ಉಗಿಯಲು ನನ್ನ ಬಾಯಲ್ಲಿ ಬೇಕಾದಷ್ಟಿತ್ತು. ಒಂದೂ ಆಡಲಿಲ್ಲ. ಆ ಬೂದು ಹಾಳೆ ಕಂಡ ಬೆಳಗ್ಗೆ ನಾನೂ ಫೋನಿನ ಮುಂದೆ ಇದೇ ಮಾತು ಹೇಳಿದ್ದೆ, ಇದೇ ದನಿಯಲ್ಲಿ.